ಪಿಯಾನೊ ಹೊರುವುದನ್ನು ಬಿಟ್ಟೆವು, ಕೇಳುವವರನ್ನೇ ಮನೆಗೆ ಕರೆದೆವು: ನನ್ನ ಅನುಭವ

ವಯೊಲಿನ್–ಪಿಯಾನೊ ಜೋಡಿ ಕಟ್ಟಿಕೊಂಡು ಹುಬ್ಬಳ್ಳಿ-ಧಾರವಾಡದಲ್ಲಿ ಬದುಕೋಕೆ ಆಗಲ್ಲ ಅಂತ ನಮಗೆ ಹೇಳದವರಿಲ್ಲ. "ಪಿಯಾನೊದಾಗ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಲ್ಲಿಂದ ತರ್ತೀರಿ?" ಅಂದರು ಒಬ್ಬ ಹಿರಿಯರು. "ತಬಲಾದವರಿಗೇ ರೊಕ್ಕ ಹುಟ್ಟವಲ್ದು, ಇನ್ನ ಪಿಯಾನೊಕ್ಕ ಯಾರು ಕೊಡ್ತಾರ?" ಅಂದರು ಒಬ್ಬ ಸಂಘಟಕರು. ಈಗ ಏಳೆಂಟು ವರ್ಷ ಆಯ್ತು. ನಾವಿಬ್ಬರೂ ಇದರಲ್ಲೇ ಬದುಕುತ್ತಿದ್ದೇವೆ. ಜೋರು ಮಳೆಯ ಎರಡು ತಿಂಗಳು ಬಿಟ್ಟರೆ ಪ್ರತಿ ತಿಂಗಳೂ ಕಾರ್ಯಕ್ರಮ ಇದೆ. ಪಡಸಾಲೆಯಲ್ಲಿ ಜಾಗ ಸಿಗದೆ ಹೊರಗೆ ಕಟ್ಟೆಯ ಮೇಲೆ ಕೂತು ಕೇಳುವವರೂ ಇದ್ದಾರೆ. ಹೇಗೆ ಮಾಡಿದಿರಿ ಅಂತ ಕೇಳುವವರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಕಲಿತದ್ದು ಇಲ್ಲಿಯ ಹಿಂದೂಸ್ತಾನಿ ವಯೊಲಿನ್. ಪಾಶ್ಚಾತ್ಯ ಪದ್ಧತಿ ಆಮೇಲೆ, ಗೋವಾಕ್ಕೆ ಓಡಾಡಿ ಕಲಿತದ್ದು. ಜೊತೆಗಾರ ಹುಬ್ಬಳ್ಳಿಯ ರೈಲ್ವೆ ಮನೆತನದವನು, ಚರ್ಚಿನ ಆರ್ಗನ್ ನುಡಿಸುತ್ತಲೇ ಬೆಳೆದವನು.

ಮೊದಲ ಎರಡು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಸುಮಾರು 70 ಸಾವಿರ ಕೊಟ್ಟು ಡಿಜಿಟಲ್ ಪಿಯಾನೊ ತಂದೆವು. ಸಭಾಂಗಣ ಬಾಡಿಗೆ ಹಿಡಿದೆವು, ಕಾರ್ಡ್ ಹಂಚಿದೆವು. ಬಾಡಿಗೆ, ಧ್ವನಿವರ್ಧಕ, ಟೆಂಪೊ, ಬ್ಯಾನರ್ ಎಲ್ಲ ಸೇರಿ ಒಂದು ಸಂಜೆಗೆ 25 ಸಾವಿರದ ಮೇಲೆ ಹೋಗುತ್ತಿತ್ತು. ಟಿಕೆಟ್ಟಿನಿಂದ ಐದಾರು ಸಾವಿರ ಬಂದರೆ ಅದೇ ದೊಡ್ಡದು. 400 ಕುರ್ಚಿಯ ಹಾಲ್‌ನಲ್ಲಿ 50 ಜನ ಕೂತರೆ ನುಡಿಸುವವರಿಗೂ ಕೇಳುವವರಿಗೂ ಚಳಿ ಹತ್ತುತ್ತದೆ. ಅದೂ ಅಲ್ಲದೆ, ಡಿಜಿಟಲ್ ಪಿಯಾನೊದ ಸ್ವರ ಪೆಟ್ಟಿಗೆಯಿಂದ ಬರುತ್ತದೆ, ನನ್ನ ವಯೊಲಿನ್ ಸ್ವರ ಕಟ್ಟಿಗೆಯಿಂದ ಬರುತ್ತದೆ. ಮೈಕ್ ಇಟ್ಟರೆ ವಯೊಲಿನ್ ಕೀರಲು, ಇಡದಿದ್ದರೆ ಮೂರನೇ ಸಾಲಿಗೇ ಕೇಳಿಸದು.

ಒಂದು ಕಡೆ ಹಾಲ್‌ನಲ್ಲೇ ಹಳೆಯ ಪಿಯಾನೊ ಇದೆ, ಚೆನ್ನಾಗಿದೆ ಅಂತ ಕರೆದರು. ಹೋಗಿ ನೋಡಿದರೆ ಮಧ್ಯದ ಸಪ್ತಕದಲ್ಲೇ ನಾಲ್ಕು ಮನೆ (ಕೀಲಿ) ಒತ್ತಿದರೆ ಮೇಲೆ ಏಳುತ್ತಿರಲಿಲ್ಲ, ತಂತಿಗೆ ಬಡಿಯುವ ಹ್ಯಾಮರ್‌ಗಳ ಫೆಲ್ಟನ್ನು ಇಲಿ ತಿಂದಿತ್ತು. ಆವತ್ತು ನಾನೊಬ್ಬನೇ ನುಡಿಸಿದೆ, ಜೊತೆಗಾರ ಮುಂದಿನ ಸಾಲಿನಲ್ಲಿ ಕೂತು ಕೇಳಿದ. ಮದುವೆ ಆರತಕ್ಷತೆಗೆ 15-20 ಸಾವಿರ ಸಿಗುತ್ತಿತ್ತು, ಒಪ್ಪಿಕೊಂಡೆವು ಕೂಡ. ಆದರೆ ಅಲ್ಲಿ ನುಡಿಸಿದ್ದು ಊಟದ ಸಾಲಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಆ ಎರಡು ವರ್ಷದಲ್ಲಿ ಕೈಯಿಂದ ಹೋದದ್ದು ಹತ್ತಿರ ಹತ್ತಿರ ಒಂದೂವರೆ ಲಕ್ಷ.

ನಾವು ನುಡಿಸುವ ಸೊನಾಟಾ, ಅಂದರೆ ಒಂದೆರಡು ವಾದ್ಯಕ್ಕೆಂದು ಬರೆದ ಪಾಶ್ಚಾತ್ಯ ಕೃತಿ, ಮೂಲದಲ್ಲಿ ಕೋಣೆಯ ಸಂಗೀತ, ಅಲ್ವಾ? ಮೊಜಾರ್ಟ್ ಕಾಲದಲ್ಲಿ ಮನೆಮಂದಿ ನುಡಿಸಲಿ ಅಂತಲೇ ಅಚ್ಚಾಗುತ್ತಿದ್ದವು. ಇತ್ತ ಧಾರವಾಡಕ್ಕೆ ಕೋಣೆಯಲ್ಲಿ ಕೂತು ಕೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಹಾಡನ್ನು ಬೈಠಕ್‌ನಲ್ಲಿ ಎದುರೇ ಕೂತು ಕೇಳಿದವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಹಾಗಾದರೆ ಪಿಯಾನೊವನ್ನು ಜನರ ಹತ್ತಿರ ಯಾಕೆ ಹೊರಬೇಕು? ಒಂದು ಒಳ್ಳೆಯ ಪಿಯಾನೊ ಒಂದೇ ಕಡೆ ಇರಲಿ, ಜನ ಅಲ್ಲಿಗೆ ಬರಲಿ. ನಮ್ಮ ಪದ್ಧತಿ ಅಂದರೆ ಇಷ್ಟೇ. ಮನೆಗೆ ದುಡ್ಡು ಕೊಟ್ಟು ಯಾರು ಬರ್ತಾರೆ ಅಂತ ಮನೆಯಲ್ಲೇ ನಕ್ಕರು.

ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಪಡಸಾಲೆ ಉದ್ದಕ್ಕಿದೆ, ಮಾಡು ಎತ್ತರ. ಗೋವಾದ ಒಂದು ಮನೆಯಿಂದ ಜಪಾನಿನ ಸೆಕೆಂಡ್ ಹ್ಯಾಂಡ್ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ) ತಂದೆವು. ಒಂದೂಕಾಲು ಲಕ್ಷದ ಹತ್ತಿರ ಬಿತ್ತು. ಅನಮೋಡ ಘಾಟ್ ಹತ್ತಿಸಿ ಅಳ್ನಾವರದ ಮೇಲೆ ತರಲು ಟೆಂಪೊ, ಹಮಾಲರು ಸೇರಿ ಇನ್ನೊಂದು 18 ಸಾವಿರ. ಎರಡೂಕಾಲು ಕ್ವಿಂಟಲ್ ತೂಕದ ವಸ್ತು. ಕಟ್ಟೆಯ ಮೆಟ್ಟಿಲ ಮೇಲೆ ಹಲಗೆ ಹಾಸಿ ಏರಿಸುವಾಗ ಓಣಿಯ ಅರ್ಧ ಜನ ಕೈಹಚ್ಚಿದರು. ಅವರಲ್ಲಿ ಮೂರು ಮನೆಯವರು ಇವತ್ತಿಗೂ ನಮ್ಮ ಕಾರ್ಯಕ್ರಮಗಳ ಚಂದಾದಾರರು!

ತಂದ ವರ್ಷವೇ ಮಳೆಗಾಲ ಕಾಡಿತು. ಧಾರವಾಡದ ಮಳೆ ಗೊತ್ತಲ್ಲ, ಮಲೆನಾಡಿನ ಅಂಚು. ಸೌಂಡ್‌ಬೋರ್ಡ್, ಅಂದರೆ ತಂತಿಗಳ ಹಿಂದಿನ ಕಟ್ಟಿಗೆ ಹಲಗೆ, ನೀರು ಕುಡಿದು ಉಬ್ಬಿತು. ಆಗಸ್ಟ್ ಹೊತ್ತಿಗೆ ಮಧ್ಯದ ಸಪ್ತಕದ ಎ ಸ್ವರ 440 ಹರ್ಟ್ಸ್‌ನಿಂದ ಏರಿ 443ರ ಆಸುಪಾಸಿಗೆ ಬಂತು. ಖರ್ಜದ (ಕೆಳಗಿನ ಸಪ್ತಕದ) ತಂತಿಗಳು ಅಷ್ಟು ಏರಲಿಲ್ಲ, ಹಾಗಾಗಿ ಪಿಯಾನೊ ತನ್ನೊಳಗೇ ಬೇಸೂರಾಯಿತು. ಏಪ್ರಿಲ್ ಬಿಸಿಲಿಗೆ ಇದೇ ಉಲ್ಟಾ, 437ಕ್ಕೆ ಇಳಿಯಿತು. ಮಳೆಗಾಲದಲ್ಲಿ ಕೀಲಿಗಳ ಒಳಗಿನ ಬುಷಿಂಗ್ ಬಟ್ಟೆಯೂ ಉಬ್ಬಿ ಕೀಲಿಗಳು ನಿಧಾನವಾಗಿದ್ದವು. ಟ್ಯೂನರನ್ನು ಗೋವಾದಿಂದ ಕರೆಸಿದರೆ ಅವರ ಫೀ, ಓಡಾಟ, ವಸತಿ ಸೇರಿ ಏಳು ಸಾವಿರ. ವರ್ಷಕ್ಕೆ ನಾಲ್ಕು ಸಲ ಅದು ನಮ್ಮಿಂದ ಆಗದ ಮಾತು.

ಜೊತೆಗಾರನೇ ಟ್ಯೂನಿಂಗ್ ಕಲಿತ. ಲಿವರ್, ರಬ್ಬರ್ ಮ್ಯೂಟ್, ಫೆಲ್ಟ್ ಪಟ್ಟಿ, ಕೀಲಿ ಸಡಿಲಿಸುವ ಪಕ್ಕಡ್ ಎಲ್ಲ ಸೇರಿ ಆರು ಸಾವಿರ ಇರಬೇಕು. 230ರಷ್ಟು ತಂತಿ, ಎಲ್ಲ ಸೇರಿ ಹದಿನೈದು-ಇಪ್ಪತ್ತು ಟನ್ ಎಳೆತ, ಮೊದಲು ಭಯವೇ ಆಗುತ್ತದೆ. ಮೊದಲ ವರ್ಷ ಸಂಜೆಗೆ ಕೂಡಿಸಿದ ಶ್ರುತಿ ಬೆಳಿಗ್ಗೆಗೆ ನಿಲ್ಲುತ್ತಿರಲಿಲ್ಲ. ತಂತಿ ಸುತ್ತಿದ ಪಿನ್ನನ್ನು ತಿರುಗಿಸುವುದು ಬೇರೆ, ಅದನ್ನು ಕೂರಿಸುವುದು ಬೇರೆ. ಬೇಕಾದ ಸ್ವರಕ್ಕಿಂತ ಕೂದಲೆಳೆ ಮೇಲೆ ಒಯ್ದು, ಕೀಲಿಯನ್ನು ಜೋರಾಗಿ ಹೊಡೆಯುತ್ತ ಕೆಳಗೆ ತಂದು ನಿಲ್ಲಿಸಬೇಕು. ಅವನ ಕೈಗೆ ಅದು ಹತ್ತಲು ಒಂದೂವರೆ ವರ್ಷ ಹಿಡಿಯಿತು. ಈಗ ಈ ಭಾಗದಲ್ಲಿ ಅವನಷ್ಟು ಗಟ್ಟಿಯಾಗಿ ಶ್ರುತಿ ನಿಲ್ಲಿಸುವವರನ್ನು ನಾನಂತೂ ಕಂಡಿಲ್ಲ. ತೇವಕ್ಕೆ ಪೆಡಲ್ ಹತ್ತಿರದ ಕೆಳಗಿನ ಹಲಗೆ ತೆಗೆದು 40 ವ್ಯಾಟ್‌ನ ಹಳೇ ಕಾಲದ ಬಲ್ಬ್ ಇಟ್ಟೆವು. ಜೂನ್‌ನಿಂದ ದಸರಾವರೆಗೆ ಹಗಲು-ರಾತ್ರಿ ಉರಿಯುತ್ತದೆ. 60 ವ್ಯಾಟ್ ಬೇಡ, ಕಟ್ಟಿಗೆ ಸೀಳುತ್ತದೆ. ಎಲ್‌ಇಡಿ ಹಾಕಿದರೆ ಬೆಳಕು ಮಾತ್ರ, ಕಾವು ಇಲ್ಲ.

ನನ್ನ ಕಡೆಯ ಹೊಂದಾಣಿಕೆಯೂ ಇತ್ತು. ನಾವು ವಯೊಲಿನ್‌ನವರು ತಂತಿಗಳ ನಡುವಿನ ಪಂಚಮವನ್ನು ಶುದ್ಧವಾಗಿ ಕೂಡಿಸುವವರು. ಎ ತಂತಿ ಹಿಡಿದು ಡಿ, ಅಲ್ಲಿಂದ ಜಿ ಅಂತ ಶುದ್ಧ ಪಂಚಮದಲ್ಲೇ ಇಳಿದರೆ ಪಿಯಾನೊದ ಜಿಗಿಂತ ನಾಲ್ಕು ಸೆಂಟ್ (ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ ನಿಲ್ಲುತ್ತೇವೆ. ಖಾಲಿ ತಂತಿ ಬಂದಾಗೆಲ್ಲ ಅದು ಕಿವಿಗೆ ಚುಚ್ಚುತ್ತದೆ. ಈಗ ಪಂಚಮದ ಅಂತರವನ್ನು ಕೊಂಚ ಕಿರಿದು ಮಾಡುತ್ತೇನೆ. ಹಿಂದೂಸ್ತಾನಿಗೆ ಬೇರೆ ವಯೊಲಿನ್ನೇ ಇಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ಪ್ರಯೋಗದ ಮಾತು ಹೇಳಲೇಬೇಕು. ಪಿಯಾನೊ ಜೊತೆ ಭೂಪ್ ರಾಗ ನುಡಿಸಿದರೆ ಹೇಗೆ ಅಂತ ತಲೆಗೆ ಹತ್ತಿತು. ಸಾ ಬಿಳಿ ಎರಡು, ಅಂದರೆ ನನ್ನ ಖಾಲಿ ಡಿ ತಂತಿ. ಪಿಯಾನೊದ ಗಾಂಧಾರ ಶುದ್ಧ ಗಾಂಧಾರಕ್ಕಿಂತ ಹದಿನಾಲ್ಕು ಸೆಂಟ್ ಮೇಲೆ. ಇಲ್ಲಿಯ ಕಿವಿಗಳು ಅದನ್ನು ಕ್ಷಮಿಸುವುದಿಲ್ಲ. ಒಂದು ಭಾನುವಾರ ಎಲ್ಲ ಸಪ್ತಕದ ಎಫ್ ಶಾರ್ಪ್‌ಗಳನ್ನೂ (ಡಿ ಸಾ ಆದರೆ ಅದೇ ಗಾಂಧಾರ) ಇಳಿಸಿದೆವು. ಹದಿನೆಂಟು ತಂತಿ ಇರಬೇಕು, ಎರಡು ತಾಸು ಹಿಡಿಯಿತು. ತಂತಿಗಳನ್ನು ಮುಕ್ತವಾಗಿ ಬಿಡುವ ಡ್ಯಾಂಪರ್ ಪೆಡಲ್ ಒತ್ತಿಹಿಡಿದು, ಪಿಯಾನೊ ಮುಟ್ಟದೆ, ನಾನು ಬರೀ ವಯೊಲಿನ್ ನುಡಿಸಿದೆ. ನನ್ನ ಗಾಂಧಾರಕ್ಕೆ ಆ ತಂತಿಗಳೆಲ್ಲ ತಾವಾಗಿ ಮಿಡಿದವು, ಸಿತಾರಿನ ತರಫ್ ತಂತಿ ಮಿಡಿದ ಹಾಗೆ. ಆ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆವತ್ತು ಸೊನಾಟಾ ನುಡಿಸುವ ಹಾಗಿರಲಿಲ್ಲ, ಮತ್ತೆ ಮೇಲೆ ಏರಿಸಿದ ತಂತಿಗಳು ಹದಿನೈದು ದಿನ ಜಾರುತ್ತಲೇ ಇದ್ದವು. ಕಾರ್ಯಕ್ರಮಕ್ಕೆ ಇದು ನಡೆಯದು. ವರ್ಷಕ್ಕೊಮ್ಮೆ ನಮಗಾಗಿ ಮಾತ್ರ ಮಾಡುತ್ತೇವೆ.

ಪಡಸಾಲೆಯಲ್ಲಿ ಕೆಂಪು ನೆಲ, ಖಾಲಿ ಗೋಡೆ. ಪಿಯಾನೊ ಅಲ್ಲಿ ಗುಂಯ್ಗುಡುತ್ತಿತ್ತು. ಅಪ್‌ರೈಟ್‌ನ ಸ್ವರ ಹಿಂಬದಿಯಿಂದ ಬರುತ್ತದೆ, ಹಾಗಾಗಿ ಗೋಡೆಯಿಂದ ಒಂದೂವರೆ ಅಡಿ ಮುಂದೆ, ಓರೆಯಾಗಿ ಇಟ್ಟೆವು. ಹಿಂದಿನ ಗೋಡೆಗೆ ನವಲಗುಂದದ ಜಮಖಾನ ತೂಗುಹಾಕಿದೆವು. ಪರದೆ, ಥರ್ಮಾಕೋಲು, ಗೋಣಿಚೀಲ ಎಲ್ಲ ಮೊದಲೇ ನೋಡಿ ಬಿಟ್ಟಿದ್ದೆವು. ಜಮಖಾನದಷ್ಟು ಹದವಾಗಿ ಯಾವುದೂ ಸ್ವರ ಹೀರಲಿಲ್ಲ. ಹ್ಯಾಮರ್ ಫೆಲ್ಟ್ ಮೆದು ಮಾಡಿದ ಬಗೆ ಮಾತ್ರ ಇಲ್ಲಿ ಬರೆಯೋದಿಲ್ಲ. ಅದಕ್ಕೆ ನಾವು ಒಂದು ಜೊತೆ ಹ್ಯಾಮರ್ ಬಲಿ ಕೊಟ್ಟಿದ್ದೇವೆ.

ಕೇಳುಗರು ಮೊದಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇಬ್ಬರೊಳಗ ಮುಖ್ಯ ಯಾರು, ಸಾಥಿ ಯಾರು?" ಇದು ನಮ್ಮ ಕಸುಬಿನ ಮೂಲ ಪ್ರಶ್ನೆ. ಮೊಜಾರ್ಟನ ಸೊನಾಟಾಗಳು ಅಚ್ಚಾದದ್ದು ಪಿಯಾನೊ ಸೊನಾಟಾ ಅಂತ, ವಯೊಲಿನ್ ಅದಕ್ಕೆ ಜೊತೆ. ಬೀಥೋವನ್ 1803ರಲ್ಲಿ ಬ್ರಿಜ್‌ಟವರ್ ಎಂಬ ವಯೊಲಿನ್‌ಗಾರನ ಜೊತೆ ತಾನೇ ಪಿಯಾನೊಕ್ಕೆ ಕೂತು ಹೊಸ ಸೊನಾಟಾ ನುಡಿಸುವ ಹೊತ್ತಿಗೆ ಇಬ್ಬರೂ ಸಮ. ದೊಡ್ಡ ಜೋಡಿಗಳು ಬಾಳಿದ್ದೂ ಇದೇ ಸಮದ ಮೇಲೆ. ಪಿಯಾನೊದ ಕ್ಲಾರಾ ಶೂಮನ್ ಮತ್ತು ವಯೊಲಿನ್‌ನ ಯೋಆಖಿಮ್ ದಶಕಗಟ್ಟಲೆ ಜೊತೆ ನುಡಿಸಿದರು. ವಯೊಲಿನ್‌ಗಾರ ಗ್ರೂಮಿಯೊಗೆ ಪಿಯಾನೊ ಬರುತ್ತಿತ್ತು, ಅವನ ಜೊತೆಗಾತಿ, ಪಿಯಾನೊದ ಕ್ಲಾರಾ ಹಾಸ್ಕಿಲ್‌ಗೆ ವಯೊಲಿನ್ ಬರುತ್ತಿತ್ತು. 1960ರ ಡಿಸೆಂಬರ್‌ನಲ್ಲಿ ಅವನ ಜೊತೆಗಿನ ಕಛೇರಿಗೆಂದೇ ಬ್ರಸೆಲ್ಸ್‌ಗೆ ಬಂದ ಹಾಸ್ಕಿಲ್ ರೈಲು ನಿಲ್ದಾಣದಲ್ಲಿ ಬಿದ್ದು ತೀರಿಕೊಂಡಳು. ಇದನ್ನು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ನಾವೂ ಮೊದಲ ದಿನವೇ ಠರಾವು ಮಾಡಿಕೊಂಡೆವು: ಬಂದದ್ದರಲ್ಲಿ ಅರ್ಧ-ಅರ್ಧ, ಕಾರ್ಡಿನಲ್ಲಿ ಎರಡೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ. "ಪಿಯಾನೊ ಸಾಥ್" ಅಂತ ಅಚ್ಚು ಹಾಕಿದವರ ಕಾರ್ಯಕ್ರಮ ನಾವು ಬಿಟ್ಟದ್ದಿದೆ.

ನಮ್ಮ ಜನಕ್ಕೆ ಯಾವುದು ಹಿಡಿಸಿತು ಅನ್ನೋದು ನನಗೂ ಹೊಸದಾಗಿತ್ತು. ಮೊಜಾರ್ಟನ 1778ರ ಇ ಮೈನರ್ ಸೊನಾಟಾ ಶುರುವಾಗುವುದೇ ಎರಡೂ ವಾದ್ಯ ಒಂದೇ ಸ್ವರಸಾಲು ನುಡಿಸುತ್ತ, ಹಾರ್ಮನಿ ಇಲ್ಲದೆ. ರಾಗ ಕೇಳಿದ ಕಿವಿ ಅದರ ಒಳಗೆ ಸಲೀಸಾಗಿ ಇಳಿಯುತ್ತದೆ. ಸಂಗೀತ ರಚನಕಾರ ಫ್ರಾಂಕ್ 1886ರಲ್ಲಿ ವಯೊಲಿನ್‌ಗಾರ ಯೂಜೀನ್ ಈಸಾಯಿಯ ಮದುವೆಗೆ ಉಡುಗೊರೆ ಕೊಟ್ಟ ಸೊನಾಟಾದ ಕೊನೆಯ ಭಾಗ ಇನ್ನೂ ಮಜಾ. ಪಿಯಾನೊ ಹೇಳಿದ್ದನ್ನೇ ವಯೊಲಿನ್ ಒಂದು ಬಾರ್ (ತಾಳದ ಒಂದು ಸುತ್ತು) ತಡವಾಗಿ ಹೇಳುತ್ತ ಬೆನ್ನಟ್ಟುತ್ತದೆ. ಜುಗಲಬಂದಿ ಬಲ್ಲವರು ಅಲ್ಲಿ "ವಾಹ್" ಅಂದೇ ಅಂದರು. ಸೊನಾಟಾದ ನಡುವೆ ದಾದ್ ಕೊಡಬಾರದು ಅಂತ ನಾವು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಬ್ರಾಹ್ಮ್ಸ್‌ನ ಸೊನಾಟಾಗಳು ಮಾತ್ರ ಇನ್ನೂ ಎಲ್ಲರಿಗೂ ಒಗ್ಗಿಲ್ಲ. ಕಾರ್ಯಕ್ರಮ ಮಧ್ಯೆ ಚಹಾ ಸೇರಿ ಎಪ್ಪತ್ತು ನಿಮಿಷ. ಯಾವುದರ ಮೇಲೆ ಯಾವುದು ಬರಬೇಕು ಅನ್ನುವ ಕ್ರಮ ನಮ್ಮದೇ, ಅದು ನಮ್ಮಲ್ಲೇ ಇರಲಿ.

ಲೆಕ್ಕಕ್ಕೆ ಬರೋಣ. ವರ್ಷಕ್ಕೆ 2,500 ಚಂದಾ, ಒಂದು ಕುಟುಂಬಕ್ಕೆ ಇಬ್ಬರು. ಮೊದಲ ವರ್ಷ ಹತ್ತು-ಹನ್ನೆರಡು ಮನೆ, ಈಗ ನಲವತ್ತರ ಹತ್ತಿರ. ಅಲ್ಲಿಗೆ ಲಕ್ಷ ಆಯ್ತು. ಬಿಡಿಯಾಗಿ ಬರುವವರಿಗೆ 300. ಆದರೆ ನಿಜವಾದ ಗಳಿಕೆ ಬೈಠಕ್‌ನಿಂದ ಹುಟ್ಟಿದ ಪಾಠಗಳಿಂದ. ಕೇಳಲು ಬಂದವರೇ ಮಕ್ಕಳನ್ನು ಕಳಿಸುತ್ತಾರೆ. ಇಬ್ಬರಿಗೂ ಸೇರಿ ಐವತ್ತರ ಮೇಲೆ ವಿದ್ಯಾರ್ಥಿಗಳು, ಲಂಡನ್ನಿನ ಸಂಗೀತ ಪರೀಕ್ಷೆಗಳಿಗೂ ಕೂರಿಸುತ್ತೇವೆ. ಎಲ್ಲ ಸೇರಿ ಈಗ ತಿಂಗಳಿಗೆ ತಲಾ 40 ಸಾವಿರದ ಹತ್ತಿರ. ಬರೀ ಕಾರ್ಯಕ್ರಮದ ದುಡ್ಡಿನಲ್ಲೇ ಬದುಕ್ತೀನಿ ಅನ್ನುವವರಿಗೆ ಈ ದಾರಿ ಬೇಡ.

ಗದಗ, ಹಾವೇರಿಯಿಂದ ಕರೆ ಬರುತ್ತದೆ. ಅಲ್ಲಿಗೆ ಮಾತ್ರ ಹಳೆಯ ಡಿಜಿಟಲ್ ಪಿಯಾನೊ ಒಯ್ಯುತ್ತೇವೆ, ಅದೂ ಐವತ್ತು ಜನರ ಒಳಗಿನ ಕೋಣೆ ಇದ್ದರೆ. ಜೊತೆಗಾರ ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬರಬೇಕು, ಹಾಗಾಗಿ ಕೇಶ್ವಾಪುರದ ಅವನ ಮನೆಯಲ್ಲೂ ಒಂದು ಪಿಯಾನೊ ಇಡುವ ಯೋಚನೆ ನಡೆದಿದೆ. ಬೆಳಗಾವಿಯಲ್ಲಿ ಒಂದು ನೋಡಿ ಬಂದಿದ್ದೇವೆ. ಪಿನ್‌ಗಳು ಬಿಗಿ ಇವೆ, ಬಾಸ್ ತಂತಿ ಬದಲಿಸಬೇಕು. ಅವರು 90 ಸಾವಿರ ಅನ್ನುತ್ತಾರೆ, ನಾವು 75ಕ್ಕೆ ಕೇಳಿದ್ದೇವೆ. ಮಳೆ ಶುರುವಾಗುವ ಮೊದಲೇ ತರಬೇಕು.