ಇಂಬಳಕ್ಕೆ (ಜಿಗಣೆಗೆ) ಕೋಲಿನ ತುದಿಯ ಉಪ್ಪಿನ ಗಂಟು
ಮಳೆಗಾಲದಲ್ಲಿ ಮಲೆನಾಡಿನ ಸಾವಯವ ತೋಟದ ಕೆಲಸಕ್ಕೋ, ಕೊಡಚಾದ್ರಿ ಕಡೆ ಚಾರಣಕ್ಕೋ ಜೋಡಿಯಾಗಿ ಹೊರಟಿದ್ದೀರಾ? ಒಂದು ಹಿಡಿ ಕಲ್ಲುಪ್ಪನ್ನು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದುಕೊಳ್ಳಿ. ಗಂಟನ್ನು ಸ್ವಲ್ಪ ಒದ್ದೆ ಮಾಡಿ ಬೂಟು ಹತ್ತುವ ಇಂಬಳಕ್ಕೆ ಮುಟ್ಟಿಸಿದರೆ ಸಾಕು, ಉದುರಿ ಬೀಳುತ್ತದೆ. ಉಪ್ಪು ಅದರ ಮೈಯ ನೀರನ್ನೇ ಎಳೆದುಬಿಡುತ್ತದೆ. ಮುಂದಿನವರ ಹೆಜ್ಜೆ ಸಪ್ಪಳಕ್ಕೆ ಎಚ್ಚೆತ್ತ ಇಂಬಳ ಹಿಂದಿನವರಿಗೆ ಹತ್ತುವುದೇ ಜಾಸ್ತಿ. ಹಾಗಾಗಿ ಕೋಲು ಹಿಂದಿನವರ ಕೈಯಲ್ಲಿರಲಿ, ಆಗಾಗ ಜಾಗ ಬದಲಿಸಿಕೊಳ್ಳಿ. ಜಡಿಮಳೆಯಲ್ಲಿ ಮಾತ್ರ ಉಪ್ಪು ಕರಗಿಹೋಗುತ್ತದೆ, ಇದು ನಡೆಯುವುದಿಲ್ಲ. ಆಗಲೇ ಕಚ್ಚಿಕೊಂಡಿದ್ದರೆ ಉಪ್ಪು ಬೇಡ, ಅದರ ಬಾಯಿಯ ಹತ್ತಿರ ಉಗುರು ಜಾರಿಸಿ ಮೆಲ್ಲಗೆ ಬಿಡಿಸಿ. ಉಳಿದ ಉಪ್ಪನ್ನು ದಯವಿಟ್ಟು ತೋಟದಲ್ಲಿ ಸುರಿಯಬೇಡಿ, ಎರೆಹುಳಕ್ಕೂ ಅದು ಆಗುವುದಿಲ್ಲ.