ಸೈಕಲ್ ಸವಾರಿಯನ್ನು ದಾಖಲಿಸಲು ಕಡಿಮೆ ಬೆಲೆಯ ಜಿಪಿಎಸ್ ಆರಿಸುವ ಬಗೆ

ನಮ್ಮ ಕಡೆ ಬೈಕ್ ಎಂದರೆ ಮೋಟಾರ್ ಬೈಕ್ ಎಂದೇ ಅರ್ಥ. ಆದ್ದರಿಂದ ಈ ಬರಹ ಪೆಡಲ್ ತುಳಿಯುವ ಸೈಕಲ್ಲಿಗೆ ಸಂಬಂಧಿಸಿದ್ದೆಂದು ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್ ಅಂಗಡಿಗಳಲ್ಲಿ ‘ಬೈಕ್ ಜಿಪಿಎಸ್’ ಎಂದು ಹುಡುಕಿದವರಿಗೆ, ಕಳ್ಳತನವಾದಾಗ ವಾಹನ ಎಲ್ಲಿದೆಯೆಂದು ತಿಳಿಸುವ, ಸಿಮ್ ಕಾರ್ಡನ್ನೂ ಚಂದಾವನ್ನೂ ಬೇಡುವ ಟ್ರ್ಯಾಕರ್‌ಗಳೇ ರಾಶಿ ರಾಶಿಯಾಗಿ ಎದುರಾಗುತ್ತವೆ. ಹ್ಯಾಂಡಲ್ ಮೇಲೆ ಕೂತು, ಹೋದ ದಾರಿ, ದೂರ, ವೇಗ ಮತ್ತು ಏರನ್ನು ಬರೆದಿಡುವ ಅಂಗೈಯಗಲದ ಸಾಧನವನ್ನು ಸವಾರರು ಸೈಕಲ್ ಕಂಪ್ಯೂಟರ್ ಎನ್ನುತ್ತಾರೆ. ಹುಡುಕುವಾಗ ಆ ಹೆಸರನ್ನೇ ಬಳಸುವುದು ಒಳ್ಳೆಯದು.

ಹೊಸದಾಗಿ ಸವಾರಿ ಆರಂಭಿಸಿದವರು ಎರಡು ಮೂರು ತಿಂಗಳು ಏನನ್ನೂ ಕೊಳ್ಳದೆ ಇರಬೇಕೆಂಬುದು ನನ್ನ ಅಭಿಪ್ರಾಯ. ಜೇಬಿನಲ್ಲಿರುವ ಮೊಬೈಲಿನಲ್ಲೇ ಜಿಪಿಎಸ್ ಇದೆ, ಸ್ಟ್ರಾವಾದಂತಹ ಆಪ್ ಉಚಿತವಾಗಿ ಸಿಗುತ್ತದೆ, ಒಂದೆರಡು ಗಂಟೆಯ ಬೆಳಗಿನ ಸವಾರಿಗೆ ಅಷ್ಟು ಸಾಕು. ಈ ಅವಧಿಯಲ್ಲಿ ಮೊಬೈಲ್ ನಿಮಗೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಗಮನಿಸಿಟ್ಟುಕೊಳ್ಳಿ, ಏಕೆಂದರೆ ಮುಂದೆ ಹಣ ಕೊಡಬೇಕಾದದ್ದು ಆ ಕೊರತೆಯನ್ನು ತುಂಬುವುದಕ್ಕೆ ಮಾತ್ರ. ಕೆಲವರ ಮೊಬೈಲಿನಲ್ಲಿ ಬ್ಯಾಟರಿ ಉಳಿತಾಯದ ವ್ಯವಸ್ಥೆಯು ಆಪನ್ನು ಹಿನ್ನೆಲೆಯಲ್ಲಿ ಸದ್ದಿಲ್ಲದೆ ನಿಲ್ಲಿಸಿಬಿಡುತ್ತದೆ. ಅದಕ್ಕೆ ಮದ್ದು ಸೆಟ್ಟಿಂಗ್ಸ್‌ನಲ್ಲೇ ಇದೆ, ಹೊಸ ಸಾಧನ ಬೇಕಿಲ್ಲ. ಬಿಸಿಲಿನಲ್ಲಿ ಪರದೆ ಕಾಣದಿರುವುದು, ಮಳೆಹನಿ ಬಿದ್ದಾಗ ಟಚ್ ತಾನಾಗಿ ಒತ್ತಿಹೋಗುವುದು, ನಡುದಾರಿಯಲ್ಲಿ ಚಾರ್ಜ್ ಮುಗಿಯುವುದು ಮಾತ್ರ ಹಾಗಲ್ಲ. ನನ್ನ ಮೊದಲ 200 ಕಿಲೋಮೀಟರ್ ಸವಾರಿಯಲ್ಲಿ 140 ದಾಟುವಷ್ಟರಲ್ಲಿ ಮೊಬೈಲ್ ಮಲಗಿತು. ದಾಖಲೆ ಹೋದದ್ದು ದೊಡ್ಡ ಮಾತಾಗಿರಲಿಲ್ಲ. ಕತ್ತಲಾದ ಮೇಲೆ ಮನೆಗೆ ಒಂದು ಕರೆ ಮಾಡಲೂ ಆಗದೆ ಹೋದದ್ದು ದೊಡ್ಡದಾಯಿತು. ಸವಾರಿ ಬರೆದಿಡುವ ಕೆಲಸವನ್ನು ಬೇರೆ ಸಾಧನಕ್ಕೆ ಒಪ್ಪಿಸಿ ಮೊಬೈಲನ್ನು ಮೊಬೈಲಾಗಿಯೇ ಉಳಿಸಿಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ಅಂದು.

ಬ್ಯಾಟರಿಯ ಲೆಕ್ಕವನ್ನು ನಿಮ್ಮ ಅತಿ ಉದ್ದದ ಸವಾರಿಯಿಂದ ಆರಂಭಿಸಿ. ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳ ನಿಯಮದಂತೆ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27 ಮತ್ತು 600ಕ್ಕೆ 40 ಗಂಟೆಯ ಗಡುವು ಇರುತ್ತದೆ. ಗಾರ್ಮಿನ್ ಎಡ್ಜ್ 130 ಪ್ಲಸ್‌ಗೆ ಕಂಪನಿ ಹೇಳುವುದು 12 ಗಂಟೆ. ಬ್ರೈಟನ್ ರೈಡರ್ 420ಕ್ಕೆ 35 ಗಂಟೆ. ಐಜಿಪಿಸ್ಪೋರ್ಟ್ ಬಿಎಸ್‌ಸಿ100ಎಸ್‌ಗೆ 40 ಗಂಟೆ. ಹೆಚ್ಚು ಬೆಲೆಯದರಲ್ಲಿ ಹೆಚ್ಚು ಹೊತ್ತು ಎಂಬ ನಿಯಮವೇನೂ ಇಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಪರದೆಯ ಬೆಳಕನ್ನು ಆರಿಸಿ, ಹೃದಯ ಬಡಿತದಂಥದನ್ನು ಅಳೆಯುವ ಸೆನ್ಸರ್ ಯಾವುದನ್ನೂ ಜೋಡಿಸದೆ ಇದ್ದಾಗಿನ ಲೆಕ್ಕವನ್ನೇ ಸಾಮಾನ್ಯವಾಗಿ ಡಬ್ಬದ ಮೇಲೆ ಮುದ್ರಿಸುವುದರಿಂದ ಅದರಲ್ಲಿ ಮುಕ್ಕಾಲು ಭಾಗವನ್ನು ಮಾತ್ರ ನಂಬಿ ಕೊಳ್ಳುವುದು ನನ್ನ ರೂಢಿ. ಚಾರ್ಜ್ ಆಗುತ್ತಿರುವಾಗಲೂ ದಾಖಲಿಸುವುದನ್ನು ಮುಂದುವರಿಸುತ್ತದೆಯೇ ಎಂದು ಅಂಗಡಿಯಲ್ಲೇ ಕೇಬಲ್ ಚುಚ್ಚಿ ನೋಡಿ. ಕೇಬಲ್ ಚುಚ್ಚಿದೊಡನೆ ಸವಾರಿಯನ್ನು ಮುಗಿಸಿ ಪೆನ್‌ಡ್ರೈವ್‌ನಂತೆ ವರ್ತಿಸುವ ಸಾಧನಗಳೂ ಇವೆ. ಅಂಥವುಗಳಿಗೆ ದಾರಿಯಲ್ಲಿ ಪವರ್ ಬ್ಯಾಂಕ್ ಇದ್ದರೂ ಉಪಯೋಗವಿಲ್ಲ.

ಬ್ಯಾಟರಿಯನ್ನು ಉದ್ದಕ್ಕೆ ಎಳೆಯಲು ಕೆಲವು ಸಾಧನಗಳು ಒಂದು ಉಪಾಯ ಮಾಡುತ್ತವೆ: ಸ್ಥಾನವನ್ನು ಪ್ರತಿ ಸೆಕೆಂಡಿಗೆ ಬರೆಯುವ ಬದಲು ಆಗಾಗ ಮಾತ್ರ ಬರೆಯುತ್ತವೆ. ಶಿರಾ ಕಡೆಯ ನೇರ ಹೆದ್ದಾರಿಯಲ್ಲಿ ಇದರಿಂದ ನಷ್ಟವೇನೂ ಆಗದು. ನಂದಿ ಬೆಟ್ಟದ ಇಳಿಜಾರಿನಲ್ಲಿ ಕಥೆ ಬೇರೆ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್; ಐದು ಸೆಕೆಂಡಿಗೊಮ್ಮೆ ಬರೆಯುವ ಸಾಧನದಲ್ಲಿ ಎರಡು ಚುಕ್ಕೆಗಳ ನಡುವೆ 50 ಮೀಟರ್ ಅಂತರ ಉಳಿಯುತ್ತದೆ. ಅಷ್ಟರಲ್ಲಿ ಒಂದು ಹೇರ್‌ಪಿನ್ ತಿರುವು ಪೂರ್ತಿ ಮುಗಿದಿರಬಹುದು. ನಕ್ಷೆಯ ಮೇಲೆ ನೀವು ರಸ್ತೆ ಬಿಟ್ಟು ಬಂಡೆಯ ಮೇಲಿಂದ ಹಾರಿದಂತೆ ಗೆರೆ ಬೀಳುತ್ತದೆ, ಒಟ್ಟು ದೂರವೂ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ನಿಂತಾಗ ಆಗುತ್ತದೆ: ಹೋಟೆಲಿನ ಮುಂದೆ ಸೈಕಲ್ ಒರಗಿಸಿ ಇಡ್ಲಿ ತಿನ್ನುವಾಗ ಚುಕ್ಕೆ ಒಂದೆಡೆ ನಿಲ್ಲದೆ ಅಲ್ಲೇ ಸುತ್ತಾಡಿ, ತುಳಿಯದ ದೂರವನ್ನು ಲೆಕ್ಕಕ್ಕೆ ಸೇರಿಸುತ್ತದೆ. ಆದ್ದರಿಂದ ಪ್ರತಿ ಸೆಕೆಂಡಿಗೆ ಬರೆಯುವ ಆಯ್ಕೆ ಮತ್ತು ನಿಂತಾಗ ತಾನಾಗಿ ತಡೆದುಕೊಳ್ಳುವ ಆಟೊ ಪಾಸ್, ಇವೆರಡೂ ಸಾಧನದಲ್ಲಿ ಇರಲೇಬೇಕು.

ಉಪಗ್ರಹಗಳ ವಿಷಯಕ್ಕೆ ಜಾಹೀರಾತುಗಳು ಕೊಡುವಷ್ಟು ಮಹತ್ವ ಕೊಡಬೇಕಾಗಿಲ್ಲ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಇವುಗಳಲ್ಲಿ ಒಂದೆರಡನ್ನು ಹಿಡಿಯುವ ಸಾಧನವಾದರೆ, ಮರಗಳು ಕವಿದ ಆಗುಂಬೆ ಘಾಟಿಯಲ್ಲೂ ಆಕಾಶದ ಸಣ್ಣ ತುಂಡಿನಲ್ಲಿ ಸಾಕಷ್ಟು ಉಪಗ್ರಹಗಳು ಕಾಣುವ ಸಾಧ್ಯತೆ ಹೆಚ್ಚುತ್ತದೆ. ಬಯಲಿನಲ್ಲಿ ಐದು ಮೀಟರಿನ ಆಸುಪಾಸಿನ ತಪ್ಪು ಸಹಜವೆಂದೇ ತಿಳಿಯಿರಿ. ತುಮಕೂರು ರಸ್ತೆಯ ಮೆಟ್ರೊ ಕಂಬಗಳ ಕೆಳಗೆ ಗೆರೆ ಅಂಕುಡೊಂಕಾಗುವುದು ಸಂಕೇತಗಳು ಕಾಂಕ್ರೀಟಿಗೆ ಬಡಿದು ತಡವಾಗಿ ತಲುಪುವುದರಿಂದ. ಎರಡು ತರಂಗಾಂತರಗಳನ್ನು ಹಿಡಿಯುವ ದುಬಾರಿ ಸಾಧನಗಳು ಇದನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ, ನಿಜ. ಆದರೆ ವಾರಕ್ಕೊಮ್ಮೆ ಪೀಣ್ಯ ದಾಟುವ ಹತ್ತು ನಿಮಿಷಕ್ಕಾಗಿ ದುಪ್ಪಟ್ಟು ಹಣ ಕೊಡುವುದು ನನಗಂತೂ ಒಪ್ಪುವುದಿಲ್ಲ. ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಇರಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಎಂಬುದು ನನಗೂ ಹೆಮ್ಮೆಯ ಸಂಗತಿಯೇ. ಆದರೆ ನಾವಿಕ್‌ನ ಮೊದಲ ತಲೆಮಾರಿನ ಉಪಗ್ರಹಗಳು ಜಿಪಿಎಸ್ ಮುಖ್ಯವಾಗಿ ಬಳಸುವ ಎಲ್1 ತರಂಗಾಂತರದಲ್ಲಿ ಮಾತಾಡುವುದಿಲ್ಲ, ಅಗ್ಗದ ಚಿಪ್‌ಗಳು ಕೇಳಿಸಿಕೊಳ್ಳುವುದು ಅದೊಂದನ್ನೇ; ಎಲ್1 ಸಂಕೇತವಿರುವ ಉಪಗ್ರಹ ಮೊದಲು ಮೇಲೇರಿದ್ದು 2023ರಲ್ಲಿ. ಹೀಗಾಗಿ ಡಬ್ಬದ ಮೇಲೆ ನಾವಿಕ್ ಹೆಸರಿಲ್ಲವೆಂದು ಸಾಧನವನ್ನು ತಳ್ಳಿಹಾಕಬೇಡಿ.

ಏರಿನ ಲೆಕ್ಕ ನಿಮಗೆ ಮುಖ್ಯವಾಗಿದ್ದರೆ ಮಾತ್ರ ಬಾರೋಮೀಟರ್ ಇರುವ ಸಾಧನಕ್ಕೆ ಹಣ ಸೇರಿಸಿ. ಉಪಗ್ರಹಗಳಿಂದ ಪಡೆದ ಎತ್ತರದಲ್ಲಿ ಅಡ್ಡದಿಕ್ಕಿಗಿಂತ ಹೆಚ್ಚು ತಪ್ಪಿರುತ್ತದೆ. ಗಾಳಿಯ ಒತ್ತಡದಿಂದ ಎತ್ತರವನ್ನು ಅಳೆಯುವ ಬಾರೋಮೀಟರ್ ಒಂದೆರಡು ಮೀಟರಿನ ಏರಿಳಿತವನ್ನೂ ಗುರುತಿಸಬಲ್ಲದು. ಅದಕ್ಕೂ ತನ್ನದೇ ಚಂಚಲತೆ ಉಂಟು. ಬೆಂಗಳೂರಿನ ಎತ್ತರದಲ್ಲಿ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಸಾಧನವು ತಾನು ಸುಮಾರು ಒಂಬತ್ತು ಮೀಟರ್ ಮೇಲೇರಿದೆನೆಂದು ತಿಳಿಯುತ್ತದೆ. ನಮ್ಮಂತಹ ಉಷ್ಣವಲಯದಲ್ಲಿ ಗಾಳಿಯ ಒತ್ತಡವು ಸಮುದ್ರದ ಭರತ ಇಳಿತದ ಹಾಗೆ ದಿನಕ್ಕೆ ಎರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚಾಗಿದ್ದದ್ದು ಸಂಜೆ ನಾಲ್ಕರ ಹೊತ್ತಿಗೆ ಮೂರು ಹೆಕ್ಟೊಪ್ಯಾಸ್ಕಲ್‌ನಷ್ಟು ಕುಸಿದಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟು ಸಂಜೆ ನಾಲ್ಕಕ್ಕೆ ಅದೇ ಬಾಗಿಲಿಗೆ ಮರಳಿದಾಗ ಮನೆಯು ಇಪ್ಪತ್ತೈದು ಮೀಟರ್ ಮೇಲೇರಿದಂತೆ ಕಾಣುವುದು ಈ ಕಾರಣಕ್ಕೆ. ಸಾಧನ ಕೆಟ್ಟಿದೆಯೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ಬಾರೋಮೀಟರಿಗೆ ಗಾಳಿಯಾಡಲು ಇಟ್ಟಿರುವ ಸಣ್ಣ ರಂಧ್ರ ಬೆವರಿನ ಉಪ್ಪಿನಿಂದಲೋ ಕೆಸರಿನಿಂದಲೋ ಮುಚ್ಚಿಹೋದಾಗ ಮಾತ್ರ ಲೆಕ್ಕ ನಿಜವಾಗಿಯೂ ಹದಗೆಡುತ್ತದೆ. ಬಾರೋಮೀಟರ್ ಇಲ್ಲದ ಸಾಧನವನ್ನೇ ಕೊಂಡರೂ ಗಾಬರಿಯಾಗಬೇಕಿಲ್ಲ; ಅಂಥ ಫೈಲ್ ಬಂದಾಗ ಸ್ಟ್ರಾವಾ ತನ್ನಲ್ಲಿರುವ ಭೂಮಿಯ ಎತ್ತರದ ದತ್ತಾಂಶವನ್ನು ಬಳಸಿ ಏರನ್ನು ಲೆಕ್ಕ ಹಾಕಿಕೊಡುತ್ತದೆ.

ಇಷ್ಟೆಲ್ಲದಕ್ಕಿಂತ ನಾನು ಮುಖ್ಯವೆಂದು ಎಣಿಸುವುದು, ಬರೆದಿಟ್ಟ ಫೈಲ್ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು. ಬಹುತೇಕ ಸಾಧನಗಳು ಫಿಟ್ ಎಂಬ ಮಾದರಿಯಲ್ಲಿ ಬರೆಯುತ್ತವೆ. ಅದು ಗಾತ್ರದಲ್ಲಿ ಚಿಕ್ಕದು, ಹೃದಯ ಬಡಿತ, ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತುಳಿದಿರಿ ಎಂಬ ಲೆಕ್ಕ) ಮುಂತಾದ ಸೆನ್ಸರ್ ವಿವರಗಳೂ ಅದರಲ್ಲಿ ಕೂರುತ್ತವೆ. ಜಿಪಿಎಕ್ಸ್ ಎಂಬುದು ಸಾಮಾನ್ಯ ಪಠ್ಯದ ಫೈಲ್, ಯಾವ ಎಡಿಟರ್‌ನಲ್ಲಾದರೂ ತೆರೆದು ಅಕ್ಷಾಂಶ ರೇಖಾಂಶಗಳನ್ನು ಕಣ್ಣಾರೆ ಓದಬಹುದು. ಇವೆರಡರಲ್ಲಿ ಯಾವುದಿದ್ದರೂ ಸರಿ, ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿದಾಗ ಫೈಲ್ ನೇರವಾಗಿ ಕಾಣಬೇಕು, ನಕಲು ಮಾಡಿಕೊಳ್ಳಲು ಬರಬೇಕು. ಕಂಪನಿಯ ಆಪ್ ಮೂಲಕ, ಕಂಪನಿಯ ಖಾತೆಗೆ ಮಾತ್ರ ಸವಾರಿಯನ್ನು ಕಳುಹಿಸುವ ಸಾಧನವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಕೊಳ್ಳುವುದಿಲ್ಲ. ನಾಳೆ ಆ ಆಪ್ ಹೊಸ ಮೊಬೈಲಿನಲ್ಲಿ ನಡೆಯದೆ ಹೋದರೆ ಅಥವಾ ಕಂಪನಿಯೇ ಬಾಗಿಲು ಹಾಕಿದರೆ ನಾಲ್ಕು ವರ್ಷದ ಸವಾರಿಗಳು ಅದರೊಂದಿಗೆ ಹೋಗುತ್ತವೆ. ಬ್ಲೂಟೂತ್ ಮೂಲಕ ಆಪಿಗೆ, ಆಪಿನಿಂದ ಸ್ಟ್ರಾವಾಗೆ ತಾನಾಗಿ ಹೋಗುವ ಸೌಲಭ್ಯ ಅನುಕೂಲವೇ. ಕೇಬಲ್ ದಾರಿಯೂ ತೆರೆದಿರಲಿ ಎಂಬುದಷ್ಟೇ ನನ್ನ ಹಟ.

ಸೆನ್ಸರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೃದಯ ಬಡಿತ ಅಳೆಯುವ ಎದೆಪಟ್ಟಿ ಅಥವಾ ಕೇಡೆನ್ಸ್ ಸೆನ್ಸರ್ ಮುಂದೆ ಬೇಕಾಗಬಹುದೆಂದು ಅನ್ನಿಸಿದರೆ ಸೆನ್ಸರ್‌ಗಳು ತಂತಿಯಿಲ್ಲದೆ ಮಾತಾಡುವ ಆ್ಯಂಟ್ ಪ್ಲಸ್ ಮತ್ತು ಬ್ಲೂಟೂತ್ ಎರಡನ್ನೂ ಕೇಳುವ ಸಾಧನವನ್ನು ಆರಿಸಿ. ಒಂದೇ ಹೆಸರಿನ ಮಾದರಿಗಳಲ್ಲಿ ಇಲ್ಲೇ ಮೋಸಹೋಗುವುದು ಸುಲಭ: ಎಕ್ಸಾಸ್ ಕಂಪನಿಯ ಜಿ ಎಂಬ ಮಾದರಿ ಸೆನ್ಸರ್‌ಗಳಿಗೆ ಜೋಡಣೆಯಾಗುವುದಿಲ್ಲ, ಜಿ ಪ್ಲಸ್ ಆಗುತ್ತದೆ, ನೋಡಲು ಎರಡೂ ಅಣ್ಣತಮ್ಮಂದಿರಂತಿವೆ. ಬಣ್ಣದ ನಕ್ಷೆ ತೋರಿಸುವ ಸಾಧನಗಳು ನಮ್ಮ ಬಜೆಟ್ಟಿನ ಆಚೆಗಿನವು. ದಾರಿ ತೋರಿಸುವುದು ಬೇಕೇಬೇಕೆಂದಿದ್ದರೆ ಮೊದಲೇ ತುಂಬಿಕೊಂಡ ದಾರಿಯನ್ನು ಬರಿಯ ಗೆರೆಯಾಗಿ ತೋರಿಸುವ ಮಾದರಿ ಸಾಕು. ಹಳ್ಳಿಯ ಕವಲಿನಲ್ಲಿ ಎಡವೋ ಬಲವೋ ಎಂಬ ಸಂದೇಹ ಅದರಿಂದಲೇ ಪರಿಹಾರವಾಗುತ್ತದೆ, ಆಗದಿದ್ದರೆ ಕಟ್ಟೆಯ ಮೇಲೆ ಕೂತವರು ಇದ್ದೇ ಇರುತ್ತಾರೆ.

ನೀರಿನ ವಿಷಯದಲ್ಲಿ ಐಪಿಎಕ್ಸ್7 ಎಂಬ ಗುರುತನ್ನು ಹುಡುಕಿ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ ಎಂಬುದು ಅದರ ಅರ್ಥ. ಮಲೆನಾಡಿನ ಜುಲೈ ಮಳೆಗೆ ಅಷ್ಟು ಸಾಕಾಗುತ್ತದೆ, ಚಾರ್ಜ್ ಮಾಡುವ ಕಿಂಡಿಯ ರಬ್ಬರ್ ಮುಚ್ಚಳ ಗಟ್ಟಿಯಾಗಿರುವ ತನಕ. ಹಳೆಯದನ್ನು ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಈ ಮುಚ್ಚಳವನ್ನೇ. ಎರಡನೆಯ ಪರೀಕ್ಷೆ ತಾರೀಖಿನದು. ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ; ಹೀಗೆ ಕೊನೆಯ ಸಲ ಆದದ್ದು 2019ರ ಏಪ್ರಿಲ್ 6ರಂದು. ಅದಕ್ಕೆ ಸಿದ್ಧವಾಗಿರದ ಹಳೆಯ ಸಾಧನಗಳು ದಾರಿಯನ್ನು ಸರಿಯಾಗಿ ಬರೆದರೂ ತಾರೀಖನ್ನು ಇಪ್ಪತ್ತು ವರ್ಷದಷ್ಟು ಹಿಂದಕ್ಕೆ ಹಾಕಿಬಿಡಬಹುದು. ಆದ್ದರಿಂದ ಹಣ ಕೊಡುವ ಮೊದಲು ಬಯಲಿಗೆ ತಂದು, ಉಪಗ್ರಹ ಹಿಡಿದ ಮೇಲೆ ಪರದೆಯ ಮೇಲೆ ಇಂದಿನ ದಿನಾಂಕವೇ ಬರುತ್ತದೆಯೇ ಎಂದು ನೋಡಿ.

ಹೊಸದನ್ನು ಕೊಂಡಾಗ ಜಿಎಸ್‌ಟಿ ಬಿಲ್ ಮತ್ತು ಭಾರತದಲ್ಲೇ ನಡೆಯುವ ವಾರಂಟಿ ಇರಲಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷೆಯನ್ನೂ ಮುಗಿಸಿ. ಮೊದಲ ಸಲ ಆನ್ ಮಾಡಿದಾಗ ಬಯಲಿನಲ್ಲಿ ಕಾಲು ಗಂಟೆ ಅಲುಗಾಡಿಸದೆ ಬಿಡಿ, ಏಕೆಂದರೆ ಎಲ್ಲ ಉಪಗ್ರಹಗಳ ಪಟ್ಟಿಯನ್ನು ಆಕಾಶದಿಂದ ಪೂರ್ತಿಯಾಗಿ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಬಳಿಕ ನಿಮಗೆ ಚೆನ್ನಾಗಿ ಗೊತ್ತಿರುವ ಹತ್ತು ಕಿಲೋಮೀಟರಿನ ದಾರಿಯಲ್ಲಿ ಎರಡು ಸುತ್ತು ಹೋಗಿ, ಜೇಬಿನಲ್ಲಿ ಮೊಬೈಲ್ ಕೂಡ ಅದೇ ಸವಾರಿಯನ್ನು ಬರೆಯುತ್ತಿರಲಿ, ನಡುವೆ ಒಮ್ಮೆ ಐದು ನಿಮಿಷ ನಿಲ್ಲಿ. ಮನೆಗೆ ಬಂದು ಕೇಬಲ್ ಹಾಕಿ ಫೈಲನ್ನು ಹೊರತೆಗೆದು ನಕ್ಷೆಯ ಮೇಲಿಡಿ. ಎರಡು ಸುತ್ತಿನ ಗೆರೆಗಳು ರಸ್ತೆಯ ಅಗಲದೊಳಗೆ ಒಂದರ ಮೇಲೊಂದು ಕೂತು, ಎರಡು ಸುತ್ತಿನ ದೂರಗಳ ನಡುವೆ ನೂರು ಮೀಟರಿಗಿಂತ ಕಡಿಮೆ ವ್ಯತ್ಯಾಸ ಬಂದು, ನಿಂತ ಜಾಗದಲ್ಲಿ ಗೆರೆ ಜೇಡರ ಬಲೆಯಾಗದೆ ಇದ್ದರೆ ಸಾಧನವನ್ನು ಇಟ್ಟುಕೊಳ್ಳಿ. ಫೈಲೇ ಹೊರಬರದಿದ್ದರೆ ಅಂದೇ ಡಬ್ಬಕ್ಕೆ ಹಾಕಿ ಹಿಂದಕ್ಕೆ ಕಳುಹಿಸಿ.