ಮಾಲ್ಟಾದ ತಾರಸಿಯಲ್ಲಿ ಕೊತ್ತಂಬರಿ ಬೆಳೆದದ್ದು: ನನ್ನ ಅನುಭವ

ನಾನು ಪುತ್ತೂರಿನ ಕಡೆಯವಳು. ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಕೂಡಲೇ ಬೀಜ ಹಾಕಬೇಕು ಅನ್ನುವುದನ್ನು ನನಗೆ ಯಾರೂ ಕೂರಿಸಿ ಕಲಿಸಿಲ್ಲ, ಅಮ್ಮನ ಹಿಂದೆ ಓಡಾಡಿ ತಾನಾಗಿ ಬಂದದ್ದು. ವೃದ್ಧಾಶ್ರಮದ ಕೆಲಸಕ್ಕೆ ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪದೇಶ ಮಾಲ್ಟಾಕ್ಕೆ ಬಂದ ಮೊದಲ ವರ್ಷವೂ ಅದನ್ನೇ ಮಾಡಿದೆ. ತಾರಸಿಯಲ್ಲಿ ಎಂಟು ಕುಂಡ ಇಟ್ಟು ಜೂನ್ ಮೊದಲ ವಾರ ಕೊತ್ತಂಬರಿ, ಮೆಂತ್ಯೆ, ಮೂಲಂಗಿ ಬಿತ್ತಿದೆ. ಜೂನ್ ಕಳೆಯಿತು, ಜುಲೈ ಕಳೆಯಿತು, ಒಂದು ಹನಿ ಬೀಳಲಿಲ್ಲ. ಮೊಳಕೆ ಬಂದದ್ದೆಲ್ಲ ಒಣಗಿ ಹೋಯಿತು.

ಇಲ್ಲಿ ಲೆಕ್ಕವೇ ತಲೆಕೆಳಗು. ಬೇಸಿಗೆ ಪೂರ್ತಿ ಈ ಸಮುದ್ರದ ಮೇಲೆ ಅಧಿಕ ಒತ್ತಡದ ಗಾಳಿ ಬಂದು ಕೂತುಬಿಡುತ್ತದೆ, ಅದು ಮೇಲಿನಿಂದ ಕೆಳಕ್ಕೆ ಇಳಿಯುವ ಗಾಳಿಯಾದ್ದರಿಂದ ಮೋಡ ಕಟ್ಟುವುದೇ ಇಲ್ಲ. ಮಳೆಯೆಲ್ಲ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಒಳಗೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅಷ್ಟೇ. ನಮ್ಮೂರಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ ಅಲ್ವಾ. 316 ಚದರ ಕಿಲೋಮೀಟರ್‌ನ ಈ ದೇಶದಲ್ಲಿ ನದಿ ಇಲ್ಲ, ಕೆರೆ ಇಲ್ಲ, ನಲ್ಲಿಯಲ್ಲಿ ಬರುವ ನೀರಲ್ಲಿ ಹೆಚ್ಚಿನ ಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಹಾಗಾಗಿ ಬೇಸಿಗೆಯಲ್ಲಿ ಹೊಲಗಳು ಕಂದು ಬಣ್ಣಕ್ಕೆ ತಿರುಗಿ ಸುಮ್ನೆ ಮಲಗಿರುತ್ತವೆ. ಜನವರಿಗೆ ಬನ್ನಿ, ಅದೇ ಹೊಲದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಹಸಿರು, ನಡುವೆ ಹಳದಿ ಹುಳಿಸೊಪ್ಪಿನ ಹೂವು.

ಎರಡನೇ ವರ್ಷ ಪಕ್ಕದ ಮನೆಯ ಅಜ್ಜ ನನ್ನ ಕುಂಡಗಳನ್ನು ನೋಡಿ ಒಂದೇ ಮಾತು ಹೇಳಿದರು: ಮೋಡ ನೋಡಬೇಡ, ಗಾಳಿ ನೋಡು. ಇಲ್ಲಿ ಪ್ರತಿ ದಿಕ್ಕಿನ ಗಾಳಿಗೂ ಹೆಸರಿದೆ. ಜಾಸ್ತಿ ಬೀಸುವುದು ವಾಯವ್ಯದ ಮಜ್ಜಿಸ್ಟ್ರಾಲ್, ಅದು ಬಂದರೆ ಬೇಸಿಗೆಯಲ್ಲೂ ಉಸಿರಾಡಬಹುದು. ಆಗ್ನೇಯದಿಂದ ಬರುವುದು ಶ್ಲೊಕ್. ಸಹಾರಾ ಮರುಭೂಮಿಯಿಂದ ಹೊರಟು ಸಮುದ್ರದ ತೇವ ಹೀರಿಕೊಂಡು ಬರುವ ಈ ಗಾಳಿಗೆ ಮೈಯೆಲ್ಲ ಅಂಟು, ಒಗೆದ ಬಟ್ಟೆ ಸಂಜೆಯಾದರೂ ಒಣಗುವುದಿಲ್ಲ. ಜೊತೆಗೆ ಎರಡು ಹನಿ ಮಳೆ ಬಿದ್ದರೆ ಕಾರು, ಕಿಟಕಿ, ಎಲೆ ಎಲ್ಲದರ ಮೇಲೆ ಕೆಂಪು ಮಣ್ಣಿನ ಕಲೆ.

ಗಿಡಕ್ಕೆ ನಿಜವಾಗಿ ಹೆದರಿಕೆ ಮಾತ್ರ ಈಶಾನ್ಯದ ಗ್ರಿಗಾಲ್‌ದು. ಬೈಬಲ್ಲಿನಲ್ಲಿ ಸಂತ ಪೌಲರ ಹಡಗು ಮಾಲ್ಟಾದ ತೀರದಲ್ಲಿ ಒಡೆದದ್ದು ಇದೇ ಗಾಳಿಗೆ ಎಂದು ಇಲ್ಲಿಯವರು ನಂಬುತ್ತಾರೆ, ಅದರ ನೆನಪಿಗೆ ಫೆಬ್ರವರಿ 10 ಅವರಿಗೆ ದೊಡ್ಡ ಹಬ್ಬ. 2019 ರ ಫೆಬ್ರವರಿಯಲ್ಲಿ ಗ್ರಿಗಾಲ್ ಎದ್ದಾಗ ಅಲೆಗಳು ಮೀನುಗಳನ್ನೇ ರಸ್ತೆಗೆ ತಂದು ಹಾಕಿದ್ದವು. 2023 ರ ಫೆಬ್ರವರಿಯಲ್ಲಿ ಹೆಲಿಯೋಸ್ ಎಂಬ ಚಂಡಮಾರುತ ಬಂದಾಗ ನಾನು ಇಲ್ಲೇ ಇದ್ದೆ. ರಾತ್ರಿಪೂರ್ತಿ ಮಳೆ, ಗಾಳಿ. ಬೆಳಿಗ್ಗೆ ಮೇಲೆ ಹೋದರೆ ಮೂರು ಕುಂಡ ಚೂರಾಗಿತ್ತು, ಉಳಿದ ಗಿಡಗಳ ಎಲೆ ಉಪ್ಪಿಗೆ ಸುಟ್ಟು ಕಪ್ಪಾಗಿತ್ತು. ಆವತ್ತಿನಿಂದ ಸಮುದ್ರದ ಕಡೆಯಿಂದ ಜೋರು ಗಾಳಿ ಬೀಸಿದ ಮರುದಿನ ಮೊದಲು ಮಾಡುವ ಕೆಲಸ ಎಂದರೆ ಎಲೆಗಳನ್ನು ಸಿಹಿನೀರಲ್ಲಿ ತೊಳೆಯುವುದು.

ಈಗ ನನ್ನ ಕ್ರಮ ಹೀಗಿದೆ. ಬಟ್ಟೆ ಒಣಹಾಕುವ ಹಗ್ಗದ ಕಂಬಕ್ಕೆ ಹಳೆ ಸೀರೆಯ ಒಂದು ಪಟ್ಟಿ ಕಟ್ಟಿದ್ದೇನೆ, ಡ್ಯೂಟಿಗೆ ಹೊರಡುವ ಮುಂಚೆ ಅದು ಯಾವ ಕಡೆ ಹಾರುತ್ತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ನೇರ ಅಂಚಿನ ಒಂದು ಡಬ್ಬಿ ಇಟ್ಟಿದ್ದೇನೆ, ಮಳೆ ಬಂದರೆ ಸ್ಕೇಲ್ ಇಳಿಸಿ ಅಳೆಯುತ್ತೇನೆ. ಕುಂಡಗಳನ್ನು ಈಶಾನ್ಯದ ಗೋಡೆಗೆ ಒತ್ತಿ ಇಡುತ್ತೇನೆ.

ಆಗಸ್ಟ್ ಕೊನೆಯಲ್ಲಿ ತಾರಸಿ ಗುಡಿಸಿ ತೊಳೆಯುವುದು ದೊಡ್ಡ ಕೆಲಸ. ಇಲ್ಲಿನ ಹಳೆ ಮನೆಗಳ ಅಡಿಯಲ್ಲಿ ಕಲ್ಲಲ್ಲೇ ಕೊರೆದ ನೀರಿನ ತೊಟ್ಟಿ ಇರುತ್ತದೆ, ತಾರಸಿಯ ಮಳೆನೀರು ಪೈಪಿನಲ್ಲಿ ಅದಕ್ಕೆ ಇಳಿಯುತ್ತದೆ. ಮೊದಲ ಮಳೆ ಧೂಳು, ಹಕ್ಕಿ ಹಿಕ್ಕೆ ಎಲ್ಲ ತರುವುದರಿಂದ ಅದನ್ನು ಹೊರಗೆ ಬಿಟ್ಟು ಎರಡನೇ ಮಳೆಯಿಂದ ತುಂಬಿಸಬೇಕು. ನಮ್ಮ ಮನೆಯ ತೊಟ್ಟಿಗೆ ಹೋಗುವ ಪೈಪನ್ನು ಹಿಂದೆ ಯಾರೋ ಸಿಮೆಂಟ್ ಹಾಕಿ ಮುಚ್ಚಿದ್ದರು. ಮನೆ ಓನರ್ ಹತ್ತಿರ ಎರಡು ಸಲ ಕೇಳಿ, ಕೊನೆಗೆ ಅವರ ಒಪ್ಪಿಗೆ ಪಡೆದು ನನ್ನ ದುಡ್ಡಲ್ಲೇ ಬಿಡಿಸಿದೆ. ಇಷ್ಟು ನೀರಿಲ್ಲದ ಊರಲ್ಲಿ ಮಳೆನೀರು ಚರಂಡಿಗೆ ಹೋಗುವುದನ್ನು ನೋಡಿಕೊಂಡು ಇರಲು ನನಗೆ ಆಗಲಿಲ್ಲ.

ಸೆಪ್ಟೆಂಬರ್, ಅಕ್ಟೋಬರಿನ ಮಳೆ ನಮ್ಮ ಮುಂಗಾರಿನ ಹಾಗೆ ಹಿಡಿದು ಸುರಿಯುವುದಿಲ್ಲ. ಬೇಸಿಗೆಯಿಡೀ ಕಾದ ಸಮುದ್ರ ಇನ್ನೂ ಬಿಸಿಯಾಗೇ ಇರುತ್ತದೆ, ಮೇಲೆ ತಂಪು ಗಾಳಿ ಬಂದರೆ ಸಾಕು, ಗುಡುಗು, ಮಿಂಚು, ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಎಮ್ಸಿಡಾ, ಬಿರ್ಕಿರ್ಕಾರಾದಂಥ ತಗ್ಗಿನ ಊರುಗಳಲ್ಲಿ ರಸ್ತೆಯೇ ತೋಡು. ಆ ಮಳೆ ನಂಬಿ ಬಿತ್ತಿದರೆ ಬೀಜ ಕೊಚ್ಚಿ ಹೋಗುತ್ತದೆ, ನನಗೆ ಒಮ್ಮೆ ಹೋಗಿದೆ.

ಅಕ್ಟೋಬರ್ ಅರ್ಧ ಕಳೆದ ಮೇಲೆ ಕೊತ್ತಂಬರಿ, ಮೆಂತ್ಯೆ, ಪಾಲಕ್, ಮೂಲಂಗಿ. ನವೆಂಬರಿನಲ್ಲಿ ಇಲ್ಲಿಯವರ ಹಾಗೆ ದಪ್ಪ ಅವರೆಯಂಥ ಫೂಲ್ ಬೀಜ, ಅದು ಮಾರ್ಚ್‌ಗೆ ಕೊಯ್ಲಿಗೆ ಬರುತ್ತದೆ. ಜನವರಿಯಲ್ಲಿ ಹಗಲು 15, 16 ಡಿಗ್ರಿ ಇರುತ್ತದೆ, ಸೊಪ್ಪಿಗೆ ಅದಕ್ಕಿಂತ ಒಳ್ಳೆಯ ಹವೆ ಬೇಡ. ಮನೆಯೊಳಗೆ ಮಾತ್ರ ಕಷ್ಟ. ಸುಣ್ಣಕಲ್ಲಿನ ಗೋಡೆ ನೀರು ಹೀರಿ ಬೂಸ್ಟು ಹಿಡಿಯುತ್ತದೆ, ಹೊರಗಿಗಿಂತ ಒಳಗೇ ಚಳಿ ಜಾಸ್ತಿ ಅನ್ನಿಸುತ್ತದೆ.

ಬೆಂಡೆ, ಅಲಸಂಡೆ, ಬಸಳೆಯನ್ನು ಏಪ್ರಿಲ್ ಕೊನೆಗೆ ಹಾಕುತ್ತೇನೆ, ಅವಕ್ಕೆ ಬಿಸಿಲು ಇಷ್ಟ. ತೊಟ್ಟಿಯ ನೀರು ಸಂಜೆ ಮಾತ್ರ ಕೊಡುತ್ತೇನೆ, ಮಧ್ಯಾಹ್ನ ಶೇಡ್ ನೆಟ್ ಎಳೆಯುತ್ತೇನೆ. ಎಂಟಿದ್ದ ಕುಂಡ ಈಗ ಇಪ್ಪತ್ತೆರಡಾಗಿದೆ.

ಪುತ್ತೂರಲ್ಲಿ ಅಮ್ಮ ಎಷ್ಟು ಸಲ ಹಾಕಿದರೂ ಮಳೆಗೆ ಕೊಳೆತು ಹೋಗುತ್ತಿದ್ದದ್ದು ಕೊತ್ತಂಬರಿ. ಕಳೆದ ಡಿಸೆಂಬರಿನಲ್ಲಿ ವಿಡಿಯೋ ಕಾಲ್ ಮಾಡಿ ಒಂದು ಕಟ್ಟು ತೋರಿಸಿದೆ. "ಬೀಜ ಸ್ವಲ್ಪ ಇಟ್ಟುಕೋ, ಬರುವಾಗ ತಾ" ಅಂದರು. ಎರಡು ಕುಂಡ ಕೊಯ್ಯದೆ ಹೂ ಬಿಡಲು ಬಿಟ್ಟಿದ್ದೇನೆ.